ಗಂಡ ಅಮೃತಧಾರಿ, ನಾನಲ್ಲ: ಒಂದೇ ಮನೆಯಲ್ಲಿ ಇರುವುದು ಹೇಗೆ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಬೀದರ್‌ನ ಸಿಖ್ ಕುಟುಂಬದಲ್ಲಿ. ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಒಂಬತ್ತು ವರ್ಷ. ಗಂಡ ಜಲಂಧರ್ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಮದುವೆಯಾದಾಗ ಅವರು ಪೇಟ ಕಟ್ಟುತ್ತಿದ್ದರೂ ಗಡ್ಡ ಟ್ರಿಮ್ ಮಾಡುತ್ತಿದ್ದರು, ಸ್ನೇಹಿತರ ಜೊತೆ ಕುಡಿಯುತ್ತಿದ್ದರು. ಮೂರು ವರ್ಷದ ಹಿಂದೆ ಮಾವ ತೀರಿಕೊಂಡರು. ಆಮೇಲೆ ಇವರು ಒಂದು ಜಥಾದವರ (ಧಾರ್ಮಿಕ ಗುಂಪಿನವರ) ಜೊತೆ ಓಡಾಡತೊಡಗಿದರು. ಹೋದ ವರ್ಷ ಅಮೃತ ತೆಗೆದುಕೊಂಡರು, ಅಂದರೆ ದೀಕ್ಷೆ ಪಡೆದು ಅಮೃತಧಾರಿ ಸಿಖ್ಖರಾದರು. ಈಗ ಬೆಳಿಗ್ಗೆ ನಾಲ್ಕಕ್ಕೆ ಅಲಾರಂ. ಮನೆಯಲ್ಲಿ ಕೋಳಿ, ಮೊಟ್ಟೆ ಬೇಡ ಅಂತಾರೆ. ನನ್ನ ತಟ್ಟೆಯಿಂದ ಒಂದು ತುತ್ತೂ ತಿನ್ನುವುದಿಲ್ಲ. ಐಬ್ರೋ ಮಾಡಿಸಿಕೊಂಡು ಬಂದರೆ ಎರಡು ದಿನ ಮಾತಿಲ್ಲ. ಆರು ವರ್ಷದ ಮಗನಿಗೆ ಇಬ್ಬರೂ ಒಪ್ಪಿಯೇ ಕಟಿಂಗ್ ಮಾಡಿಸುತ್ತಿದ್ದೆವು, ಈಗ ಕತ್ತರಿ ತಾಗಿಸಬೇಡ ಅಂತಾರೆ. ಬರುವ ವೈಶಾಖಿಗೆ ನೀನೂ ಅಮೃತ ತಗೋ ಎಂದು ಇವರೂ ಹೇಳುತ್ತಾರೆ, ಅತ್ತೆಯೂ ಹೇಳುತ್ತಾರೆ. ನಾನೇನು ನಾಸ್ತಿಕಳಲ್ಲ. ವಾರವಾರ ಹಲಸೂರು ಗುರುದ್ವಾರಕ್ಕೆ ಹೋಗುತ್ತೇನೆ, ಅಲ್ಲಿನ ಸಾಮೂಹಿಕ ಊಟದ ಲಂಗರ್‌ನಲ್ಲಿ ರೊಟ್ಟಿ ಲಟ್ಟಿಸುತ್ತೇನೆ. ನಾನು ಮದುವೆಯಾದ ಮನುಷ್ಯ ಇವರಲ್ಲ ಅನಿಸುತ್ತದೆ. ಬಿಟ್ಟು ಬಾ ಅಂತಾನೆ ತಮ್ಮ. ಏನು ಮಾಡಲಿ?

ಉತ್ತರ: ಮೊದಲು ವೈಶಾಖಿಯ ವಿಷಯ ಮುಗಿಸಿಬಿಡೋಣ. ಅದಕ್ಕೊಂದು ದಿನಾಂಕ ಇದೆ, ಅದು ನಿಮ್ಮ ತಲೆ ಮೇಲೆ ಕೂತಿದೆ. ಗಂಡನಿಗೋಸ್ಕರ, ಅತ್ತೆಗೋಸ್ಕರ, ಮನೆಯಲ್ಲಿ ಜಗಳ ನಿಲ್ಲಲಿ ಅಂತ ಅಮೃತ ತೆಗೆದುಕೊಳ್ಳಬೇಡಿ. ನಿಮಗೇ ಬೇಕು ಅನ್ನಿಸಿದ ದಿನ ತಗೊಳ್ಳಿ. ಅನ್ನಿಸದಿದ್ದರೆ ಬೇಡ.

ಇದು ಹೆಂಡತಿಯ ಪಕ್ಷ ವಹಿಸಿ ಹೇಳಿದ ಮಾತು ಎಂದು ನಿಮ್ಮ ಗಂಡ ಅಂದುಕೊಳ್ಳಬಾರದು. ಅವರು ಒಪ್ಪಿಕೊಂಡಿರುವ ಸಿಖ್ ರೆಹತ್ ಮರ್ಯಾದೆ ಹೇಳುವುದೂ ಇದನ್ನೇ. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಅಂತಿಮ ರೂಪ ಕೊಟ್ಟ ಈ ನಿಯಮಾವಳಿಯಲ್ಲಿ ಅಮೃತ ಸಂಸ್ಕಾರ ಹೇಗೆ ನಡೆಯಬೇಕು ಎಂದು ಹಂತಹಂತವಾಗಿ ಬರೆದಿದೆ. ಅಮೃತ ತಯಾರಿಸುವ ಮೊದಲೇ ಪಂಜ್ ಪ್ಯಾರೆಗಳಲ್ಲಿ, ಅಂದರೆ ದೀಕ್ಷೆ ಕೊಡುವ ಐವರಲ್ಲಿ, ಒಬ್ಬರು ಧರ್ಮದ ತತ್ವಗಳನ್ನು ವಿವರಿಸಿ, ಇದನ್ನು ಖುಷಿಯಿಂದ ಒಪ್ಪುತ್ತೀರಾ ಎಂದು ಕೇಳುತ್ತಾರೆ. ಹೌದು ಎಂದ ಮೇಲೇ ಮುಂದಿನ ಕೆಲಸ. ಗುರು ಗ್ರಂಥ ಸಾಹಿಬ್ ಎದುರು ನಿಂತು, ಗಂಡನ ಮುಖ ನೆನಪಿಸಿಕೊಂಡು ನೀವು 'ಹೌದು' ಎಂದರೆ ಅದು ಸುಳ್ಳಾಗುತ್ತದೆ. ನಿಮ್ಮ ಗಂಡನೂ ಆ ಸುಳ್ಳಿನಲ್ಲಿ ಪಾಲುದಾರರಾಗುತ್ತಾರೆ.

ಇನ್ನೂ ಒಂದಿದೆ. ಅಮೃತ ತೆಗೆದುಕೊಂಡವರಿಗೆ ನಾಲ್ಕು ದೊಡ್ಡ ನಿಷೇಧಗಳು: ಕೂದಲು ಕತ್ತರಿಸುವುದು, ಕುಠಾ ಅಂದರೆ ಹಲಾಲ್ ಮಾಡಿದ ಮಾಂಸ ತಿನ್ನುವುದು, ಗಂಡ ಅಥವಾ ಹೆಂಡತಿಯಲ್ಲದವರ ಜೊತೆ ದೈಹಿಕ ಸಂಬಂಧ, ತಂಬಾಕು. ಇವುಗಳಲ್ಲಿ ಒಂದನ್ನು ಮುರಿದರೂ ಪಂಜ್ ಪ್ಯಾರೆಗಳ ಮುಂದೆ ನಿಂತು ತಪ್ಪು ಒಪ್ಪಿಕೊಂಡು ಮತ್ತೆ ಅಮೃತ ತೆಗೆದುಕೊಳ್ಳಬೇಕು. ಮನಸ್ಸಿಲ್ಲದೆ ತಗೊಂಡು, ಆರು ತಿಂಗಳಲ್ಲಿ ಬ್ಯೂಟಿ ಪಾರ್ಲರ್‌ಗೆ ಹೋಗಿ ಐಬ್ರೋ ಮಾಡಿಸಿಕೊಂಡು ಬಂದಿರಿ ಅಂದುಕೊಳ್ಳಿ. ಇವತ್ತು ಅದು ಗಂಡ ಹೆಂಡತಿ ನಡುವಿನ ಮುನಿಸು. ಆವತ್ತು ಅದು ವ್ರತಭಂಗ. ಒತ್ತಾಯ ಮಾಡಿದವರು ನಿಮ್ಮನ್ನು ಎಂಥ ಇಕ್ಕಟ್ಟಿಗೆ ತಳ್ಳಿದಂತಾಯಿತು ನೋಡಿ. ಈ ಮಾತನ್ನು ನಿಮ್ಮ ಗಂಡನಿಗೆ ಹೀಗೇ ಹೇಳಿ. ಶ್ರದ್ಧೆ ಇರುವ ಮನುಷ್ಯನಿಗೆ ಇದು ಅರ್ಥವಾಗುತ್ತದೆ.

ನೀವು ಬೀದರ್‌ನವರು. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಗುರುವಿಗೆ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತು, ಮೊದಲು ಅಮೃತ ಪಡೆದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಿಮ್ಮೂರಿನವರು ಎಂದು ಚಿಕ್ಕಂದಿನಿಂದ ಕೇಳಿಯೇ ಇರುತ್ತೀರಿ. ಆ ಐವರೂ ಒಟ್ಟಾಗಿ ಏಳಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ತಮ್ಮ ತಮ್ಮ ತಲೆ ಕೊಡಲು ಎದ್ದರು. ಮನೆಯವರ ಪರವಾಗಿ ಯಾರೂ ಏಳಲಿಲ್ಲ. ಅಮೃತ ಅವತ್ತಿನಿಂದ ಇವತ್ತಿನವರೆಗೂ ಒಬ್ಬ ಮನುಷ್ಯ ಮತ್ತು ಗುರುವಿನ ನಡುವಿನ ಮಾತು. ಕೆಲವು ಜಥಾಗಳು ದಂಪತಿ ಇಬ್ಬರೂ ಒಟ್ಟಿಗೆ ಬನ್ನಿ ಎಂದು ಒತ್ತಿ ಹೇಳುತ್ತವೆ. ಮನೆಯಲ್ಲಿ ಹೊಂದಾಣಿಕೆ ಸುಲಭವಾಗಲಿ ಅನ್ನುವುದು ಅವರ ಉದ್ದೇಶ, ಅದು ಕೆಟ್ಟ ಉದ್ದೇಶವೇನಲ್ಲ. ನಿಮ್ಮ ಗಂಡ ಒಬ್ಬರೇ ತೆಗೆದುಕೊಂಡು ಆಗಿದೆ. ಹಾಗಾಗಿ ಆ ವ್ರತದ ಶಿಸ್ತು ಅವರ ಮೈಮೇಲಿದೆ, ನಿಮ್ಮ ಮೈಮೇಲಿಲ್ಲ.

ಮನೆ ಮಾತ್ರ ಇಬ್ಬರದು. ಅಡುಗೆಮನೆ, ಮಗ, ರಾತ್ರಿಯ ನಿದ್ದೆ, ದುಡ್ಡು, ಹಬ್ಬ, ಬಂದುಹೋಗುವ ನೆಂಟರು, ಇವೆಲ್ಲ ಇಬ್ಬರದು. ಗಂಡ ಹೆಂಡತಿಯರಲ್ಲಿ ಒಬ್ಬರು ಅಮೃತಧಾರಿ, ಇನ್ನೊಬ್ಬರು ಅಲ್ಲ ಎನ್ನುವ ಜೋಡಿಗಳ ಜೊತೆ ಕೂತು ಮಾತಾಡಿದಾಗೆಲ್ಲ ನಾನು ಕಂಡದ್ದು ಇದು: ಮನೆಯ ವಿಷಯವನ್ನು ಧರ್ಮದ ವಿಷಯ ಎಂದು ಜಗಳ ಆಡುತ್ತಾರೆ. ಧರ್ಮದ ಹೆಸರು ಬಂದ ಕೂಡಲೇ ಒಬ್ಬರು ಪಾಪಿ, ಇನ್ನೊಬ್ಬರು ಮತಾಂಧ. ಮಾತು ಅಲ್ಲಿಗೆ ನಿಂತುಹೋಗುತ್ತದೆ. ನೀವು ಬರೆದಿರುವುದರಲ್ಲಿ ಯಾವುದು ರೆಹತ್, ಯಾವುದು ಆ ಜಥಾದ ಪದ್ಧತಿ, ಯಾವುದು ನಿಮ್ಮ ಗಂಡನ ಸ್ವಂತ ಉತ್ಸಾಹ, ಯಾವುದು ಸುಮ್ನೆ ಗಂಡಸಿನ ಹಟ ಎಂದು ಬಿಡಿಸಿ ನೋಡಬೇಕು.

ತಟ್ಟೆಯಿಂದ ಶುರು ಮಾಡುತ್ತೇನೆ. ನಿಮಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿರುವುದು ಅಲ್ಲೇ ಅನಿಸುತ್ತದೆ.

ಇಷ್ಟು ವರ್ಷ ನಿಮ್ಮ ತಟ್ಟೆಯಿಂದ ಕಿತ್ತು ತಿಂದ ಮನುಷ್ಯ ಒಂದು ದಿನ ಕೈ ಹಿಂದಕ್ಕೆ ಎಳೆದುಕೊಂಡರೆ ಎದೆಗೆ ಚುಚ್ಚುತ್ತದೆ. ಅದರಲ್ಲೂ ನಮ್ಮ ಕಡೆ ಬೆಳೆದವರಿಗೆ ಎಂಜಲು, ಮಡಿ, ಮೈಲಿಗೆ ಎಲ್ಲ ಒಟ್ಟಿಗೇ ನೆನಪಾಗುತ್ತದೆ. 'ನಾನು ಇವರಿಗೆ ಮೈಲಿಗೆ ಆದೆನಾ' ಅನ್ನುವ ಪ್ರಶ್ನೆ ಏಳುತ್ತದೆ. ಈ ನಿಯಮ ಎಲ್ಲಿಂದ ಬಂತು ಎಂದು ತಿಳಿದರೆ ನೋವು ಸ್ವಲ್ಪ ತಗ್ಗಬಹುದು. ಅಮೃತ ಸಂಸ್ಕಾರದಲ್ಲಿ ಕಬ್ಬಿಣದ ಬಟ್ಟಲಲ್ಲಿ ನೀರು, ಬತಾಸು ಹಾಕಿ, ಬಾಣಿಗಳನ್ನು (ಗುರುಗಳ ಪದ್ಯಗಳನ್ನು) ಓದುತ್ತಾ ಖಂಡಾ ಎಂಬ ಎರಡಂಚಿನ ಕತ್ತಿಯಿಂದ ತಿರುವುತ್ತಾರೆ. ಅಂಗೈಯಲ್ಲಿ ಐದು ಸಲ ಕೊಟ್ಟು, ಕಣ್ಣಿಗೆ, ಕೂದಲಿಗೆ ಚಿಮುಕಿಸಿ, ಉಳಿದದ್ದನ್ನು ಎಲ್ಲರೂ ಅದೇ ಬಟ್ಟಲಿಗೆ ಬಾಯಿ ಹಚ್ಚಿ ಕುಡಿಯುತ್ತಾರೆ. ಯಾವ ಜಾತಿ, ಯಾವ ಊರು ಎಂದು ಕೇಳುವಂತಿಲ್ಲ. ಕಡಾಹ್ ಪ್ರಸಾದವನ್ನೂ ಒಂದೇ ಪಾತ್ರೆಯಿಂದ ತಿನ್ನುತ್ತಾರೆ. ಜಾತಿಯ ಎಂಜಲನ್ನು ಮುರಿಯಲಿಕ್ಕೆಂದೇ ಇರುವ ಪದ್ಧತಿ ಇದು. ಹಾಗೆ ಒಂದೇ ಬಟ್ಟಲಿನಿಂದ ಕುಡಿದವರು ಪರಸ್ಪರರ ಎಂಜಲು ತಿನ್ನಬಹುದು, ಅಮೃತ ತೆಗೆದುಕೊಳ್ಳದವರ ಎಂಜಲು ತಿನ್ನಬಾರದು ಎಂಬುದು ರೆಹತ್‌ನಲ್ಲಿದೆ. ಮುರಿದರೆ ಪ್ರಾಯಶ್ಚಿತ್ತವೂ ಇದೆ. ಅಂದರೆ ನಿಮ್ಮ ಗಂಡ ತುತ್ತು ಬೇಡ ಅಂದದ್ದು ತೋರಿಕೆಗೆ ಅಲ್ಲ. ತಾನು ಕೊಟ್ಟ ಮಾತಿಗೆ ನಡೆದುಕೊಳ್ಳುತ್ತಿದ್ದಾರೆ.

ಅದೇ ನಿಯಮ ಏನು ಹೇಳುವುದಿಲ್ಲ ಎಂಬುದನ್ನೂ ನೋಡಿ. ನೀವು ಮಾಡಿದ ಅಡುಗೆ ತಿನ್ನಬಾರದು ಎಂದು ಅದು ಹೇಳುವುದಿಲ್ಲ. ನಿಮ್ಮ ಪಕ್ಕ ಕೂತು ಉಣ್ಣಬಾರದು ಎಂದೂ ಹೇಳುವುದಿಲ್ಲ. ಅಮೃತಧಾರಿಗಳೇ ಮಾಡಿದ್ದನ್ನು ಮಾತ್ರ, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದನ್ನು ಮಾತ್ರ ತಿನ್ನುವ ಬಿಬೇಕ್ ಎಂಬ ಕಟ್ಟುನಿಟ್ಟು ಕೆಲವು ಜಥಾಗಳಲ್ಲಿ ಇದೆ. ಅದು ಎಲ್ಲ ಸಿಖ್ಖರಿಗೂ ಹಾಕಿದ ನಿಯಮವಲ್ಲ. ನಿಮ್ಮ ಗಂಡ ಇನ್ನೂ ಅಲ್ಲಿಗೆ ಹೋಗಿಲ್ಲ. ಹೋಗುವ ಯೋಚನೆ ಇದ್ದರೆ ಈಗಲೇ ಕೇಳಿ ತಿಳಿದುಕೊಳ್ಳಿ. ಆಮೇಲೆ ಅಡುಗೆ ಅವರೇ ಮಾಡಿಕೊಳ್ಳಬೇಕಾಗುತ್ತದೆ, ನಿಮ್ಮ ಕೈಯಡುಗೆ ಬೇಡ ಎಂದು ನಿಮ್ಮ ಕೈಯಲ್ಲೇ ಪಾತ್ರೆ ತೊಳೆಸುವ ಹಾಗಿಲ್ಲ.

ತಟ್ಟೆಗೆ ದಾರಿ ಇದೆ. ಬಡಿಸುವಾಗಲೇ ನಿಮ್ಮ ಪಾಲಿನಿಂದ ಒಂದು ತುಂಡು ಅವರ ತಟ್ಟೆಗೆ ಹಾಕಿ, ನೀವು ಕೈ ಹಾಕುವ ಮೊದಲು. ಸರಸೋಂ ಕಾ ಸಾಗ್ ಇರಲಿ, ನಿಮ್ಮ ಬೀದರ್ ಕಡೆಯ ಜೋಳದ ರೊಟ್ಟಿ ಇರಲಿ, ಎರಡು ತಟ್ಟೆ ಅಕ್ಕಪಕ್ಕ ಇರಲಿ. ಅವರು ಕೂಡ, 'ನಿನ್ನ ಎಂಜಲು ಬೇಡ' ಎಂದು ಮುಖ ತಿರುಗಿಸುವ ಬದಲು, ಉಣ್ಣುವ ಮೊದಲೇ ನಿಮ್ಮ ತಟ್ಟೆಗೆ ಬಡಿಸಲಿ. ನಿಯಮ ಮುರಿಯದೆ ಪ್ರೀತಿ ತೋರಿಸುವುದು ಅವರ ಜವಾಬ್ದಾರಿ. ವ್ರತ ತಗೊಂಡವರು ಅವರು. ಅದರಿಂದ ಮನೆಯವರಿಗೆ ಆಗುವ ನೋವನ್ನು ತುಂಬಿಕೊಡುವ ಹೊರೆಯೂ ಅವರದೇ.

ಕೋಳಿ, ಮೊಟ್ಟೆಯ ಕತೆ ಬೇರೆ. ರೆಹತ್ ಮರ್ಯಾದೆ ನಿಷೇಧಿಸುವುದು ಕುಠಾ ಮಾಂಸವನ್ನು ಮಾತ್ರ. ಲಂಗರ್‌ನಲ್ಲಿ ಸಸ್ಯಾಹಾರ ಯಾಕೆಂದರೆ ಯಾವ ಧರ್ಮದವರು ಬಂದರೂ ಕೂತು ಉಣ್ಣುವ ಹಾಗಿರಬೇಕು. ಪೂರ್ತಿ ಸಸ್ಯಾಹಾರ ಎಂಬುದು ಹಲವು ಜಥಾಗಳ, ಸಂಪ್ರದಾಯಗಳ ಪದ್ಧತಿ. ಹಾಗಂತ ಈ ಮಾತು ಹಿಡಿದುಕೊಂಡು ಗಂಡನ ಜೊತೆ ವಾದಕ್ಕೆ ಇಳಿಯಬೇಡಿ. ಮಾಂಸದ ಬಗ್ಗೆ ಜಗಳವಾಡುವ ಮೂಢರನ್ನು ಗುರು ನಾನಕರು ಒಂದು ಶಬದ್‌ನಲ್ಲಿ (ಪದ್ಯದಲ್ಲಿ) ಗದರಿದ್ದಾರೆ, ಗುರು ಗ್ರಂಥ ಸಾಹಿಬ್‌ನ 1289ನೇ ಅಂಗದಲ್ಲಿ, ಅಂದರೆ ಪುಟದಲ್ಲಿ ಇದೆ. ಆ ಸಾಲನ್ನೇ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ! ಇದು ಅಡುಗೆಮನೆಯ ವಿಷಯ, ಅಡುಗೆಮನೆಯ ವಿಷಯವಾಗಿಯೇ ಮಾತಾಡಿ. ಮನೆಯಲ್ಲಿ ಸಸ್ಯಾಹಾರ, ಹೊರಗೆ ನಿಮ್ಮಿಷ್ಟ ಎಂದು ಒಪ್ಪಂದ ಮಾಡಿಕೊಂಡ ಜೋಡಿಗಳಿವೆ. ಮೊಟ್ಟೆಗೆ ಬೇರೆ ಬಾಣಲೆ, ಬೇರೆ ಒಲೆ ಇಟ್ಟುಕೊಂಡವರೂ ಇದ್ದಾರೆ. ನಿಮಗೆ ಯಾವುದು ಸರಿಹೋಗುತ್ತದೋ ಅದು. ಮಗನಿಗೆ ಮೊಟ್ಟೆ ಕೊಡಬೇಕೋ ಬೇಡವೋ ಎಂಬುದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅಪ್ಪನಿಗೆ ಗೊತ್ತಾಗದ ಹಾಗೆ ಅಮ್ಮ ತಿನ್ನಿಸುವ ಮೊಟ್ಟೆ ಮಗುವಿಗೆ ಸುಳ್ಳು ಹೇಳುವುದನ್ನು ಕಲಿಸುತ್ತದೆ.

ನಾಲ್ಕು ಗಂಟೆಯ ಅಲಾರಂಗೆ ಸುಲಭದ ಪರಿಹಾರ ಇದೆ. ಕೈಗೆ ಕಟ್ಟುವ, ಸದ್ದಿಲ್ಲದೆ ನಡುಗುವ ಗಡಿಯಾರ ಸಿಗುತ್ತದೆ. ಇನ್ನೊಂದು ರೂಮಿನಲ್ಲಿ ಕೂತು ಜಪ್‌ಜಿ, ಜಾಪ್, ಸವೈಯೆ ಎಂಬ ಬೆಳಗಿನ ಬಾಣಿಗಳನ್ನು ಓದಿಕೊಳ್ಳಲಿ. ರಾತ್ರಿಯ ಕೊನೆಯ ಜಾವದಲ್ಲಿ ಏಳುವುದು ಅವರ ರೆಹತ್, ನಿಮ್ಮನ್ನು ಎಬ್ಬಿಸುವುದು ರೆಹತ್ ಅಲ್ಲ. ಇಲ್ಲಿ ನೀವೂ ಒಂದು ಹೆಜ್ಜೆ ಇಡಬಹುದು. ಮಲಗುವ ಮುನ್ನ ಓದುವ ಸೋಹಿಲಾ ಐದೇ ಶಬದ್, ಕೆಲವು ನಿಮಿಷದ ಕೆಲಸ. ಅದಕ್ಕೆ ಅಮೃತಧಾರಿಯೇ ಆಗಿರಬೇಕೆಂದಿಲ್ಲ. ಮಗ ನಡುವೆ, ನೀವಿಬ್ಬರು ಆಚೆ ಈಚೆ ಕೂತು ಒಟ್ಟಿಗೆ ಹೇಳಿಕೊಳ್ಳಿ. ನಿಮಗೆ ಇಷ್ಟವಿದ್ದರೆ ಮಾತ್ರ. ಅವರು ಅದನ್ನು ಮುಂದಿನ ಒತ್ತಾಯಕ್ಕೆ ಮೆಟ್ಟಿಲು ಮಾಡಿಕೊಳ್ಳದಿದ್ದರೆ ಮಾತ್ರ.

ನೀವು ಬರೆಯದ ಒಂದು ವಿಷಯವನ್ನೂ ಕೇಳಿಬಿಡುತ್ತೇನೆ. ಅಮೃತ ತೆಗೆದುಕೊಂಡ ಹೊಸದರಲ್ಲಿ ಕೆಲವರು ಹೆಂಡತಿಯಿಂದ ದೂರ ಮಲಗಲು ಶುರು ಮಾಡುತ್ತಾರೆ. ಮಲಗುವಾಗಲೂ ಕಕಾರ್‌ಗಳು ಎಂಬ ಐದು ಗುರುತುಗಳು ಮೈಮೇಲಿರಬೇಕು, ಕಿರ್ಪಾನ್ ಎಂಬ ಕತ್ತಿ ಇರಬೇಕು, ಕಛೇರಾ ಎಂಬ ಒಳಚಡ್ಡಿ ಬದಲಿಸುವಾಗಲೂ ಒಂದು ಕಾಲು ಹಳೆಯದರಲ್ಲಿ ಇಟ್ಟುಕೊಂಡೇ ಇನ್ನೊಂದನ್ನು ಹೊಸದಕ್ಕೆ ತೂರಿಸಬೇಕು ಎನ್ನುವ ಎಚ್ಚರದಲ್ಲಿ ಅವರಿಗೇ ಗಲಿಬಿಲಿ. ಸಂಕೋಚಕ್ಕೆ ಯಾರನ್ನೂ ಕೇಳುವುದಿಲ್ಲ. ಹೆಂಡತಿ 'ನಾನು ಬೇಡವಾದೆ' ಎಂದುಕೊಳ್ಳುತ್ತಾಳೆ. ಸಿಖ್ ಧರ್ಮದಲ್ಲಿ ಸನ್ಯಾಸಕ್ಕೆ ಜಾಗವಿಲ್ಲ. ಬಾಲ್ಯದಲ್ಲೇ ತೀರಿಕೊಂಡ ಗುರು ಹರ್ ಕಿಶನ್‌ರನ್ನು ಬಿಟ್ಟರೆ ಗುರುಗಳೆಲ್ಲರೂ ಸಂಸಾರಿಗಳು. ಸಣ್ಣ ಕಿರ್ಪಾನ್ ಇದೆ, ಅದನ್ನು ತಲೆಗೆ ಕಟ್ಟಿಕೊಳ್ಳುವವರೂ ಇದ್ದಾರೆ. ಅಮೃತಧಾರಿ ಗಂಡಸರು ಮಕ್ಕಳು ಮರಿ ಮಾಡಿಕೊಂಡು ಚೆನ್ನಾಗಿಯೇ ಬಾಳುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಈ ದೂರ ಬಂದಿದ್ದರೆ, ಮೌನವಾಗಿ ಸಹಿಸಬೇಡಿ. ಐಬ್ರೋ ಜಗಳದ ಒಳಗೆ ಎಷ್ಟೋ ಸಲ ಇದೇ ಕೂತಿರುತ್ತದೆ.

ಐಬ್ರೋ ಅಂದಿರಲ್ಲ, ಅದು ಅವರಿಗೆ ಯಾಕೆ ಅಷ್ಟು ದೊಡ್ಡದು ಎಂದು ನಿಮಗೆ ಗೊತ್ತಿರಲಿ. ಕೇಶ ಅಂದರೆ ತಲೆಗೂದಲು ಮಾತ್ರವಲ್ಲ, ಮೈಮೇಲಿನ ಎಲ್ಲ ಕೂದಲು, ಅದೂ ಹೆಂಗಸರಿಗೂ ಗಂಡಸರಿಗೂ ಒಂದೇ. ಅಮೃತಸರದ ಒಂದು ಸಿಖ್ ಮೆಡಿಕಲ್ ಕಾಲೇಜಿನಲ್ಲಿ ಹುಬ್ಬು ಕೀಳಿಸಿಕೊಂಡಿದ್ದಕ್ಕೆ ಸಿಖ್ ಕೋಟಾದ ಸೀಟು ನಿರಾಕರಿಸಿದ ಪ್ರಕರಣ ಕೋರ್ಟ್ ಮೆಟ್ಟಿಲೇರಿತ್ತು. 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್‌ನ ಪೂರ್ಣ ಪೀಠ, ಕೇಶ ಉಳಿಸಿಕೊಳ್ಳುವುದು ಸಿಖ್ ಗುರುತಿನ ಮುಖ್ಯ ಅಂಗ ಎಂದು ತೀರ್ಪು ಕೊಟ್ಟಿತು. ಅಂದರೆ ನಿಮ್ಮ ಗಂಡ ಸಣ್ಣ ವಿಷಯಕ್ಕೆ ರೇಗುತ್ತಿದ್ದಾರೆ ಎಂದು ತಳ್ಳಿಹಾಕುವಂತಿಲ್ಲ. ಆದರೆ ಮುಖ ನಿಮ್ಮದು. ಬೇಸರವಾದರೆ 'ನನಗೆ ಬೇಸರವಾಗುತ್ತದೆ' ಎಂದು ಬಾಯಿಬಿಟ್ಟು ಹೇಳಬಹುದು. ಎರಡು ದಿನ ಮಾತು ಬಿಡುವುದು ಶಿಕ್ಷೆ. ಹೆಂಡತಿಗೆ ಶಿಕ್ಷೆ ಕೊಡುವ ಅಧಿಕಾರ ಯಾವ ರೆಹತ್‌ನಲ್ಲೂ ಇಲ್ಲ.

ಇನ್ನು ಮಗನ ಕೂದಲು. ಇಲ್ಲಿ ನಾನು ನಿಧಾನಿಸುತ್ತೇನೆ. ಇದರಲ್ಲಿ ಅರ್ಧಂಬರ್ಧ ರಾಜಿ ಸಾಧ್ಯವಿಲ್ಲ. ಕೂದಲನ್ನು ಸ್ವಲ್ಪ ಕತ್ತರಿಸುವುದು, ಸ್ವಲ್ಪ ಬಿಡುವುದು ಎಂಬುದಿಲ್ಲ.

ನಿಮ್ಮ ಗಂಡನ ಕಡೆಯಿಂದ ನೋಡಿ. ತಾನು ಮರಳಿ ಬಂದ ದಾರಿಗೆ ಮಗನೂ ಬರಲಿ ಎಂಬ ಆಸೆ. ತನ್ನ ತಂದೆ ಹೋದ ಮೇಲೆ ಆ ಆಸೆ ಇನ್ನೂ ಗಟ್ಟಿಯಾಗಿದೆ. ನಿಮ್ಮ ಕಡೆಯಿಂದ ನೋಡಿದರೆ, ಇಬ್ಬರೂ ಕೂತು ಮಾಡಿದ ತೀರ್ಮಾನವನ್ನು ಒಬ್ಬರೇ ಎದ್ದು ಬದಲಿಸಿದ್ದಾರೆ. ಬೆಂಗಳೂರಿನ ಕ್ಲಾಸಿನಲ್ಲಿ ಪಟ್ಕಾ (ಮಕ್ಕಳ ತಲೆವಸ್ತ್ರ) ಕಟ್ಟಿದ ಹುಡುಗ ಬಹುಶಃ ಇವನೊಬ್ಬನೇ ಆಗುತ್ತಾನೆ. ಜೂಡಾ, ಅಂದರೆ ತಲೆ ಮೇಲಿನ ಕೂದಲ ಗಂಟು, ಎಳೆಯುವ ಮಕ್ಕಳು ಇರುತ್ತಾರೆ, 'ತಲೆ ಮೇಲೆ ಏನು ಈರುಳ್ಳಿನಾ' ಎಂದು ಕೇಳುವವರು ಇರುತ್ತಾರೆ. ಎರಡೂ ಕಡೆಯ ಕಾಳಜಿ ನಿಜವಾದದ್ದು.

ನನ್ನ ಸಲಹೆ ಹೀಗಿದೆ. ಇಬ್ಬರೂ ಸೇರಿ ನಿರ್ಧರಿಸುವ ತನಕ ಕತ್ತರಿ ಬೇಡ, ಪಟ್ಕಾವೂ ಬೇಡ. ಈ ಬೇಸಿಗೆ ರಜೆ ಮುಗಿಯುವವರೆಗೆ ಎಂದು ಒಂದು ಗಡುವು ಇಟ್ಟುಕೊಳ್ಳಿ. ಕತ್ತರಿ ನಿಲ್ಲಿಸುವುದು ಗಂಡನ ಕಡೆಗೆ ವಾಲಿದ ಹಾಗಾಯಿತು ಎಂದು ನೀವು ಹೇಳಬಹುದು. ಹೌದು, ಸ್ವಲ್ಪ ವಾಲಿದೆ. ಬಿಟ್ಟ ಕೂದಲನ್ನು ಯಾವತ್ತಾದರೂ ಕತ್ತರಿಸಬಹುದು, ಕತ್ತರಿಸಿದ್ದು ಸೊಂಟದವರೆಗೆ ಬೆಳೆಯಲು ವರ್ಷಗಳು ಬೇಕು. ಅದಕ್ಕೇ ಹೀಗೆ ಹೇಳಿದೆ. ಆದರೆ ಈ ಅವಧಿಯಲ್ಲಿ ಕೂದಲಿನ ಕೆಲಸ ಪೂರ್ತಿ ಅಪ್ಪನದು. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ತೊಳೆದು, ಟವೆಲಿನಲ್ಲಿ ಒರೆಸಿ, ಬಿಸಿಲಿಗೆ ಕೂರಿಸಿ, ಸಿಕ್ಕು ಬಿಡಿಸಿ, ಕಂಘಾದಿಂದ ಬಾಚಬೇಕು. ಮಗ ಅಳುತ್ತಾನೆ, ಓಡಿಹೋಗುತ್ತಾನೆ. ಹಿಡಿದು ಕೂರಿಸಿ ಕತೆ ಹೇಳಬೇಕು. ಶಾಲೆಯ ದಿನಗಳಲ್ಲಿ ವ್ಯಾನ್ ಬರುವ ಮುಂಚೆ ಇನ್ನೊಮ್ಮೆ ಬಾಚಬೇಕು. ಹೇನಾದರೆ ಹೇನು ತೆಗೆಯಬೇಕು. ಮಗ ಕೇಶಧಾರಿ ಆಗಲಿ ಎಂದು ಅಪ್ಪ ಆಸೆಪಡುವುದು, ಅದರ ದುಡಿಮೆಯೆಲ್ಲ ಅಮ್ಮನ ಕೈಗೆ ಬರುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಬಾಚಣಿಗೆ ಹಿಡಿದು ಮೂರು ತಿಂಗಳು ಕೂತ ಅಪ್ಪನಿಗೆ ತಾನು ಮಗನಿಂದ ಏನು ಕೇಳುತ್ತಿದ್ದೇನೆ ಎಂಬುದು ಗೊತ್ತಾಗುತ್ತದೆ. ಅಪ್ಪನ ಕೈ ತಲೆ ಮೇಲೆ ಇದ್ದಷ್ಟು ಹೊತ್ತು ಮಗನಿಗೂ ಅದು ಬರೀ ನಿಯಮವಾಗಿ ಕಾಣುವುದಿಲ್ಲ.

ಶಾಲೆಯ ಟೀಚರ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಮಾತಾಡಿ. ಮಗನನ್ನು ಮಾತ್ರ ಈ ವ್ಯಾಜ್ಯಕ್ಕೆ ನ್ಯಾಯಾಧೀಶನನ್ನಾಗಿ ಮಾಡಬೇಡಿ. 'ನಿನಗೆ ಉದ್ದ ಕೂದಲು ಇಷ್ಟಾನಾ, ಗಿಡ್ಡ ಇಷ್ಟಾನಾ' ಎಂದು ಕೇಳಿದರೆ, ಕೇಳಿದವರಿಗೆ ಯಾವ ಉತ್ತರ ಖುಷಿಯೋ ಅದನ್ನೇ ಆರು ವರ್ಷದ ಮಗು ಹೇಳುತ್ತದೆ. ಅಮೃತದ ವಿಷಯದಲ್ಲಿ ರೆಹತ್ ಮರ್ಯಾದೆಯೇ ಎಳೆಯ ವಯಸ್ಸಿನವರಿಗೆ ಬೇಡ, ತಿಳಿವಳಿಕೆ ಬಂದಿರಬೇಕು ಎನ್ನುತ್ತದೆ. ಅವನು ದೊಡ್ಡವನಾದ ಮೇಲೆ ತನ್ನ ತೀರ್ಮಾನ ತಾನೇ ಮಾಡುತ್ತಾನೆ ಎಂಬುದನ್ನು ನೀವಿಬ್ಬರೂ ಈಗಲೇ ಒಪ್ಪಿಕೊಂಡಿರಬೇಕು. ಗಡುವಿನ ಕೊನೆಗೂ ಒಮ್ಮತ ಬರದಿದ್ದರೆ? ಆಗ ಒಬ್ಬರೇ ಗೆಲ್ಲುವ ಬದಲು ಇಬ್ಬರಿಗೂ ನಂಬಿಕೆಯಿರುವ ಮೂರನೆಯವರನ್ನು ಕೂರಿಸಿಕೊಳ್ಳಿ. ಬೀದರ್‌ನಲ್ಲಿರುವ ನಿಮ್ಮ ತಂದೆ ಆಗಬಹುದು, ಗುರುದ್ವಾರದ ಹಿರಿಯ ಗ್ರಂಥಿ (ಗುರು ಗ್ರಂಥ ಸಾಹಿಬ್ ಓದುವವರು) ಆಗಬಹುದು. ಜಗಳವಾಡುತ್ತಿರುವ ಎರಡು ಪಕ್ಷದಲ್ಲಿ ಒಂದಕ್ಕೆ ಸೇರಿದ ಅತ್ತೆ, ತಮ್ಮ, ಜಥಾದ ಗೆಳೆಯರು ಬೇಡ.

ಈಗ ನಿಮ್ಮ ಗಂಡನ ಬಗ್ಗೆ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಸಂಗತಿ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿತು: ಮಾವ ತೀರಿಕೊಂಡದ್ದು. ಅಪ್ಪ ಸತ್ತ ಮೇಲೆ ಗಂಡಸರು ಅಳುವುದು ಕಡಿಮೆ. ಕುಡಿತಕ್ಕೆ ಬೀಳುವವರು ಇದ್ದಾರೆ, ಕೆಲಸದಲ್ಲಿ ಮುಳುಗುವವರು ಇದ್ದಾರೆ. ನಿಮ್ಮ ಗಂಡ ಕುಡಿತ ಬಿಟ್ಟು ಬಾಣಿಯ ಹತ್ತಿರ ಹೋದರು. ಆ ಜಥಾದವರು ಅವರ ಪಕ್ಕ ಕೂತರು. ಆ ದಿನಗಳಲ್ಲಿ ಅವರಿಗೆ ಏನಾಯಿತು, ಏನು ಸಿಕ್ಕಿತು ಎಂದು ನೀವು ಯಾವಾಗಲಾದರೂ ಕೇಳಿದ್ದೀರಾ? ವಾದಕ್ಕಲ್ಲ, ತಿಳಿಯಲಿಕ್ಕೆ. 'ನಾನು ಮದುವೆಯಾದ ಮನುಷ್ಯ ಇವರಲ್ಲ' ಎಂದು ಬರೆದಿದ್ದೀರಿ. ಸರಿಯೇ. ಅವರು ಇಷ್ಟು ದೊಡ್ಡ ಹೆಜ್ಜೆ ಇಟ್ಟರು, ನಿಮ್ಮನ್ನು ಕರೆದು ಕೂರಿಸಿ ಹೇಳಲಿಲ್ಲ, ಜೊತೆಗಿರುವವರನ್ನು ಬಿಟ್ಟು ಒಬ್ಬರೇ ನಡೆದುಬಿಟ್ಟರು. ನಿಮ್ಮ ಸಿಟ್ಟಿನ ಬೇರು ಕೋಳಿ, ಮೊಟ್ಟೆಯಲ್ಲಿ ಇಲ್ಲ, ಇಲ್ಲಿದೆ ಎಂದು ನನ್ನ ಅನಿಸಿಕೆ. ಅದನ್ನು ಅವರ ಮುಂದೆ ಹೇಳಬೇಕು. ಜೊತೆಗೇ, ಅವರ ಪಾಠ್ ಅನ್ನು, ಅಂದರೆ ಬಾಣಿ ಓದುವುದನ್ನು, ನೆಂಟರ ಮುಂದೆ ಗೇಲಿ ಮಾಡುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಕುಡಿತ ಬಿಟ್ಟು ನಸುಕಿಗೆ ಏಳುವ ಶಿಸ್ತಿಗೆ ಬಂದ ಮನುಷ್ಯನಿಗೆ ಮನೆಯಲ್ಲಿ ಮರ್ಯಾದೆ ಸಿಗಬೇಕು.

ನಿಮ್ಮ ಗಂಡನಿಗೆ ನಾನು ಹೇಳಬೇಕಾದದ್ದು ಬೀಬಿ ಅಮರೋ ಅವರ ವಿಷಯ. ಎರಡನೆಯ ಗುರು ಅಂಗದರ ಮಗಳು ಅವರು. ಮದುವೆಯಾಗಿ ಬಂದದ್ದು ಬಾಸರ್ಕೆ ಎಂಬ ಹಳ್ಳಿಯ ವೈಷ್ಣವ ಮನೆಗೆ. ಗಂಡನ ದೊಡ್ಡಪ್ಪ ಅಮರ ದಾಸರು ಅರವತ್ತು ದಾಟಿದವರು, ವರ್ಷವರ್ಷ ಗಂಗಾ ಯಾತ್ರೆಗೆ ಹೋಗುತ್ತಿದ್ದವರು. ಆಕೆ ಆ ಮನೆಯಲ್ಲಿ ಯಾರಿಗೂ ಉಪದೇಶ ಮಾಡಲಿಲ್ಲ. ಬೆಳಗಿನ ಜಾವ ಮನೆಗೆಲಸ ಮಾಡುತ್ತಾ ಗುರು ನಾನಕರ ಬಾಣಿ ಹಾಡಿಕೊಳ್ಳುತ್ತಿದ್ದರು. ಒಂದು ದಿನ ಆ ಹಿರಿಯರೇ ಬಂದು, ಇದು ಯಾರ ಹಾಡು ಎಂದು ಕೇಳಿದರು ಎಂದು ಸಿಖ್ ಪರಂಪರೆ ಹೇಳುತ್ತದೆ. ತಾವೇ ಕೇಳಿ, ತಾವೇ ಗುರು ಅಂಗದರಿದ್ದ ಖಡೂರಿಗೆ ಹೋದರು. ಮುಂದೆ ಮೂರನೆಯ ಗುರುವಾದರು. ನಿಮ್ಮ ಗಂಡನ ಬೆಳಗಿನ ಪಾಠ್ ನಿಮ್ಮ ಕಿವಿಗೆ ಹಿತವಾಗಿ ಬಿದ್ದರೆ ಅದೇ ದೊಡ್ಡದು. ಅದರ ಹಿಂದೆಯೇ 'ನೀನ್ಯಾಕೆ ಎದ್ದಿಲ್ಲ' ಎಂಬ ಮಾತು ಬಂದರೆ ಬಾಣಿ ಕೇಳಿಸುವುದಿಲ್ಲ, ಬೈಗುಳ ಮಾತ್ರ ಕೇಳಿಸುತ್ತದೆ.

ಮದುವೆಯ ದಿನ ಗುರು ರಾಮದಾಸರ ನಾಲ್ಕು ಲಾವಾಂ (ಮದುವೆಯ ಪದ್ಯಗಳು) ಹಾಡುವಾಗ ನೀವಿಬ್ಬರೂ ಗುರು ಗ್ರಂಥ ಸಾಹಿಬ್ ಸುತ್ತ ನಡೆದಿರಿ. ಅವರು ಮುಂದೆ, ನೀವು ಹಿಂದೆ. ಅದರಿಂದ ಗಂಡನೇ ಹೆಂಡತಿಯ ಧರ್ಮಕ್ಕೆ ಯಜಮಾನ ಎಂಬ ಭಾವನೆ ಕೆಲವರಿಗೆ ಬರುತ್ತದೆ. ಲಾವಾಂ ಓದಿದರೆ ಅಲ್ಲಿ ಹರಿಯೇ ಪತಿ, ಹಾಡುವ ಜೀವ ವಧು. ಗಂಡನೂ ವಧುವೇ, ಹೆಂಡತಿಯೂ ವಧುವೇ. ನಮ್ಮ ಶರಣರು ಶರಣ ಸತಿ, ಲಿಂಗ ಪತಿ ಎಂದರಲ್ಲ, ಹಾಗೇ. ಬಸವಕಲ್ಯಾಣ ಇರುವ ಜಿಲ್ಲೆಯ ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನಾಲ್ಕು ಹಂತಗಳಿವೆ: ಕರ್ತವ್ಯದಿಂದ ಶುರುವಾಗಿ, ಗುರುವಿನ ಭೇಟಿ, ಆಮೇಲೆ ವೈರಾಗ್ಯ, ಕೊನೆಗೆ ಸಹಜ. ಎಲ್ಲರೂ ಒಂದೇ ದಿನ ಒಂದೇ ಹಂತದಲ್ಲಿರಬೇಕು ಎಂದು ಎಲ್ಲೂ ಬರೆದಿಲ್ಲ. ಒಂದು ಸಂಜೆ ಇಬ್ಬರೂ ಕೂತು ಆ ನಾಲ್ಕನ್ನು ಅರ್ಥಸಹಿತ ಓದಿ.

ಅತ್ತೆಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ, ಅವರ ಮಗನದು, ಅಂದರೆ ನಿಮ್ಮ ಗಂಡನದು. 'ಇದು ನಮ್ಮಿಬ್ಬರ ವಿಷಯ ಅಮ್ಮ, ಅವಳನ್ನು ಕೇಳಬೇಡಿ' ಎಂದು ಅವರೇ ಹೇಳಬೇಕು. ಅತ್ತೆ ಮುಂದೆ ತಲೆ ಮುಚ್ಚಿಕೋ, ಮುಖ ಮರೆಮಾಡಿಕೋ ಎಂಬ ಮಾತೂ ಎಲ್ಲಾದರೂ ಬಂದರೆ ತಿಳಿದಿರಲಿ: ಸಿಖ್ ಹೆಂಗಸು ಪರದೆ, ಘೂಂಘಟ್ ಹಾಕುವುದು ತರವಲ್ಲ ಎಂದು ರೆಹತ್ ಹೇಳುತ್ತದೆ. ಹೆಂಗಸು ದಸ್ತಾರ್ (ಪೇಟ) ಕಟ್ಟುವುದು ಬಿಡುವುದೂ ಆಕೆಯ ಇಷ್ಟ. ಹೆಂಗಸರೂ ಕೇಸ್ಕಿ ಎಂಬ ಸಣ್ಣ ಪೇಟ ಕಟ್ಟಲೇಬೇಕು ಎನ್ನುವುದು ಕೆಲವು ಜಥಾಗಳ ಪದ್ಧತಿ.

ತಮ್ಮ ಬಿಟ್ಟು ಬಾ ಅಂದದ್ದು ಅಕ್ಕನ ಮೇಲಿನ ಪ್ರೀತಿಯಿಂದ. ನೀವು ಬರೆದಿರುವಷ್ಟರಲ್ಲಿ ನನಗೆ ಬಿಡುವಂಥದ್ದು ಕಾಣಲಿಲ್ಲ. ಆದರೆ ಗೆರೆ ಎಲ್ಲಿದೆ ಎಂದು ನಿಮಗೆ ಗೊತ್ತಿರಬೇಕು. ಅಮೃತ ತೆಗೆದುಕೊಳ್ಳದಿದ್ದರೆ ಮನೆಖರ್ಚಿಗೆ ದುಡ್ಡು ಕೊಡುವುದಿಲ್ಲ ಅನ್ನುವುದು, ಮಗನನ್ನು ಜಲಂಧರ್‌ಗೆ ಕಳಿಸಿಬಿಡುತ್ತೇನೆ ಅನ್ನುವುದು, ತವರಿಗೆ ಹೋಗಲು ಬಿಡದಿರುವುದು, ಫೋನ್ ಕಿತ್ತುಕೊಳ್ಳುವುದು, ಕೈ ಎತ್ತುವುದು. ಇವುಗಳಲ್ಲಿ ಒಂದು ನಡೆದರೂ ಅದು ಶ್ರದ್ಧೆಯ ವ್ಯತ್ಯಾಸ ಅಲ್ಲ, ಹಿಂಸೆ. ಆಗ ಈ ಹೊಂದಾಣಿಕೆಯ ಸಲಹೆಗಳನ್ನೆಲ್ಲ ಪಕ್ಕಕ್ಕಿಟ್ಟು, ಮೊದಲು ಸುರಕ್ಷಿತ ಜಾಗಕ್ಕೆ ಬನ್ನಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆನಂದ್ ಕಾರಜ್ ಎಂಬ ಸಿಖ್ ಮದುವೆಗೆ 1909ರ ಕಾಯ್ದೆ ಮಾನ್ಯತೆ ಕೊಡುತ್ತದೆ, 2012ರ ತಿದ್ದುಪಡಿಯಿಂದ ಅದರಡಿ ನೋಂದಣಿಗೂ ಅವಕಾಶ ಬಂತು. ಆದರೆ ಅದರಲ್ಲಿ ವಿಚ್ಛೇದನದ ನಿಯಮಗಳಿಲ್ಲ. ಅದಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯೇ ಅನ್ವಯ. ನಿಮ್ಮ ಗಂಡ ಅಮೃತ ತೆಗೆದುಕೊಂಡದ್ದು ಮತಾಂತರವೂ ಅಲ್ಲ, ಅದೊಂದೇ ವಿಚ್ಛೇದನಕ್ಕೆ ಕಾರಣವೂ ಆಗುವುದಿಲ್ಲ.

ಈ ವಾರ ಮಾಡಬೇಕಾದದ್ದು ಒಂದೇ. ಮಗ ಮಲಗಿದ ಮೇಲೆ, ಊಟದ ಹೊತ್ತಲ್ಲ, ಪಾರ್ಲರ್‌ನಿಂದ ಬಂದ ದಿನವೂ ಅಲ್ಲ, ಅವರನ್ನು ಕೂರಿಸಿಕೊಂಡು ಹೇಳಿ: 'ವೈಶಾಖಿಗೆ ನಾನು ಅಮೃತ ತೆಗೆದುಕೊಳ್ಳುವುದಿಲ್ಲ. ಮುಂದೆ ತಗೊಳ್ಳಬಹುದು, ತಗೊಳ್ಳದೆಯೂ ಇರಬಹುದು. ಅವತ್ತು ನಿಮ್ಮ ಜೊತೆ ಗುರುದ್ವಾರಕ್ಕೆ ಬರುತ್ತೇನೆ, ದಿನವಿಡೀ ಸೇವೆ ಮಾಡುತ್ತೇನೆ. ನನ್ನನ್ನು ಮತ್ತೆ ಕೇಳಬೇಡಿ, ನನಗೆ ಅನ್ನಿಸಿದಾಗ ನಾನೇ ಹೇಳುತ್ತೇನೆ.' ಇಷ್ಟು ಹೇಳಿ ಅವರ ಉತ್ತರ ಕೇಳಿ. ಅವರು ಒಪ್ಪಿದರೆ ಮರುದಿನ ತಟ್ಟೆ, ಅದರ ಮರುವಾರ ಮಗನ ಕೂದಲು, ಹೀಗೆ ಒಂದೊಂದಾಗಿ ಮಾತಾಡಿ. ಒಪ್ಪದಿದ್ದರೆ ಇಬ್ಬರೂ ಒಟ್ಟಿಗೆ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಅವರು ಬರುವುದಿಲ್ಲ ಎಂದರೆ ನೀವೊಬ್ಬರೇ ಹೋಗಿ.